ನೋಡಿದರೆ ಗೊತ್ತಾಗದ ಜಾತಿಗೆ ಮೀಸಲಾತಿ ಯಾಕೆ?

ಪ್ರಶ್ನೆ: ಸರ್, ನಮಸ್ಕಾರ. ನನಗೆ 24 ವರ್ಷ. ನಮ್ಮ ಊರು ಬಾಗಲಕೋಟೆ ಜಿಲ್ಲೆಯದು. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. ನಾನು ಹುಟ್ಟಿ ಬೆಳೆದದ್ದು ನವನಗರದಲ್ಲಿ. ಅಪ್ಪ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ನಮ್ಮ ಹಳೇ ಅಡ್ಡಹೆಸರು ಮಾದರ. ನನ್ನನ್ನು ಒಂದನೇ ತರಗತಿಗೆ ಸೇರಿಸುವಾಗ ಅಪ್ಪ ಮುಳುಗಿದ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿ ಬರೆಸಿದರು. ಜಾತಿ ಕಾಲಂನಲ್ಲಿ ‘ಹಿಂದೂ ಹರಿಜನ’ ಅಂತಿದೆ.

ಈಗ ಬೆಳಗಾವಿಯ ಟಿಳಕವಾಡಿಯಲ್ಲಿ ಪಿಜಿಯಲ್ಲಿದ್ದು ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ರೂಮಿನಲ್ಲಿ ನಾಲ್ವರು. ನನ್ನ ಹೆಸರು ಕೇಳಿ ಅವರು ನನ್ನನ್ನು ಲಿಂಗಾಯತರ ಹುಡುಗಿ ಅಂದುಕೊಂಡಿದ್ದಾರೆ. ನಾನು ಹೌದು ಅಂದಿಲ್ಲ, ಅಲ್ಲ ಅಂತಲೂ ಅಂದಿಲ್ಲ. ಸಣ್ಣವ್ವನ ಫೋನ್ ಬಂದರೆ ಟೆರೇಸ್‌ಗೆ ಹೋಗಿ ಮಾತಾಡುತ್ತೇನೆ.

ಕಳೆದ ತಿಂಗಳು ರೂಮಿನಲ್ಲಿ ಮೀಸಲಾತಿ ಬಗ್ಗೆ ವಾದ ಆಯ್ತು. ಗೆಳತಿ ಅಂದಳು: “ಅಮೆರಿಕಾದಾಗ ಕರಿಯರ ಬಣ್ಣ ಕಾಣತೈತಿ, ಮುಚ್ಚಿಡಾಕ ಬರಂಗಿಲ್ಲ. ಅವರಿಗೆ ಕೊಟ್ರ ಒಂದ ಅರ್ಥ ಐತಿ. ನಮ್ಮಲ್ಲಿ ಯಾರ ಮುಖದ ಮ್ಯಾಲ ಬರದೈತಿ? ಯಾರಿಗೂ ಗೊತ್ತಾಗದ್ದಕ್ಕ ಮೀಸಲಾತಿ ಯಾಕ?” ನನಗೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದು ಖರೆ ಅಂತಲೂ ಅನ್ನಿಸಿತು. ನನಗೆ ಈವರೆಗೆ ಯಾರೂ ಅವಮಾನ ಮಾಡಿಲ್ಲ. ಹಾಗಿದ್ದ ಮೇಲೆ ಎಸ್‌ಸಿಯಲ್ಲಿ ಅರ್ಜಿ ಹಾಕುವುದು ಮೋಸ ಅಲ್ವಾ? ಜಿಎಂನಲ್ಲೇ (ಜನರಲ್ ಮೆರಿಟ್) ಹಾಕಲಾ? ಎಸ್‌ಸಿಯಲ್ಲಿ ಹಾಕಿದರೆ ಎಲ್ಲರಿಗೂ ಗೊತ್ತಾಗುತ್ತದಾ? ಅಡ್ಡಹೆಸರು ಬೇರೆ ಇರುವುದರಿಂದ ತೊಂದರೆ ಇದೆಯಾ? ಅಮ್ಮ ಮುಂದಿನ ವಾರ ಪಿಜಿಗೆ ಬರುತ್ತೇನೆ ಅಂದಳು, ಬೇಡ ಅಂದೆ. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಒಂದು ಅರ್ಜಿಯದು, ಇನ್ನೊಂದು ಮನಸ್ಸಿನದು. ವಕೀಲನಾಗಿ ಮೊದಲನೆಯದಕ್ಕೆ ಉತ್ತರ ಕೊಡುವುದು ನನಗೆ ಸುಲಭ. ಆದರೆ ಎರಡನೆಯದು ಬಗೆಹರಿಯದೆ ಯಾರೂ ಫಾರ್ಮ್ ನೆಟ್ಟಗೆ ತುಂಬುವುದಿಲ್ಲ. ಬಹಳ ಸಲ ನೋಡಿದ್ದೇನೆ.

ವಿಜಯಪುರದ ನನ್ನ ಆಫೀಸಿಗೆ ಜಾತಿ ಪ್ರಮಾಣ ಪತ್ರದ ಕೆಲಸಕ್ಕೆ ಬರುವ ಹುಡುಗರು ಒಂದು ಫೈಲ್ ತರುತ್ತಾರೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ, ಡಿಗ್ರಿ, ಆಧಾರ್, ಒಂದೊಂದಕ್ಕೂ ಪ್ಲಾಸ್ಟಿಕ್ ಹಾಳೆ. ಜಾತಿ ಪ್ರಮಾಣ ಪತ್ರ ಮಾತ್ರ ಫೈಲಿನಲ್ಲಿ ಇರುವುದಿಲ್ಲ. ಅದು ಪರ್ಸಿನಿಂದ ಬರುತ್ತದೆ, ನಾಲ್ಕು ಮಡಿಕೆಯಾಗಿ. ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿರುತ್ತದೆ. ಬೆಂಚಿನ ಮೇಲೆ ಬೇರೆ ಕಕ್ಷಿದಾರರು ಕೂತಿದ್ದರೆ ಅದು ಹೊರಗೇ ಬರುವುದಿಲ್ಲ. “ಆಮ್ಯಾಲ ತೋರಸ್ತೀನ್ರಿ ಸರ್” ಅಂತಾರೆ. ನಾನೂ ಒತ್ತಾಯ ಮಾಡುವುದಿಲ್ಲ. ಚಹಾ ತರಿಸಿ, ಬೆಂಚು ಖಾಲಿಯಾಗುವ ತನಕ ಬೇರೆ ಮಾತು ಆಡುತ್ತೇನೆ.

ಹಾಗಾಗಿ ನಿಮ್ಮ ಟೆರೇಸ್ ವಿಷಯ ನನಗೆ ಹೊಸದಲ್ಲ.

ಮೊದಲು ನಿಮ್ಮ ಗೆಳತಿಯ ವಾದಕ್ಕೆ ಬರುತ್ತೇನೆ. ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಬಣ್ಣದ ಭೇದ ಇದ್ದ ದೇಶಗಳಲ್ಲಿ ಚರ್ಚೆ ಬಣ್ಣದ ಸುತ್ತಲೇ ನಡೆದಿದೆ. ಕೆನಡಾದ 1986ರ ಉದ್ಯೋಗ ಕಾನೂನಿನಲ್ಲಿ ‘ಕಣ್ಣಿಗೆ ಕಾಣುವ ಅಲ್ಪಸಂಖ್ಯಾತರು’ ಎಂದೇ ಒಂದು ಗುಂಪಿದೆ. ಅಮೆರಿಕದಲ್ಲಿ 1961ರಲ್ಲಿ ಅಧ್ಯಕ್ಷ ಕೆನಡಿ ಹೊರಡಿಸಿದ ಆದೇಶದಿಂದ ‘ಅಫರ್ಮೇಟಿವ್ ಆ್ಯಕ್ಷನ್’ (ತಾರತಮ್ಯಕ್ಕೆ ಒಳಗಾದವರಿಗೆ ಅವಕಾಶ ಸಿಗಲು ಮಾಡುವ ವಿಶೇಷ ಪ್ರಯತ್ನ) ಎಂಬ ಮಾತು ಚಾಲ್ತಿಗೆ ಬಂತು. ಆದರೆ ಅದು ನಮ್ಮ ಹಾಗೆ ಸೀಟು ಎತ್ತಿಡುವ ಪದ್ಧತಿ ಅಲ್ಲ. ಕಾಲೇಜು ಪ್ರವೇಶದಲ್ಲಿ ಕೋಟಾ ಬೇಡ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲಿ ಅಲನ್ ಬಾಕಿ (Bakke) ಎಂಬವರ ಪ್ರಕರಣದಲ್ಲೇ ಹೇಳಿತ್ತು. 2023ರ ಜೂನ್‌ನಲ್ಲಿ ಹಾರ್ವರ್ಡ್ ಪ್ರಕರಣದಲ್ಲಿ, ಪ್ರವೇಶ ಕೊಡುವಾಗ ಜನಾಂಗ ನೋಡುವ ಪದ್ಧತಿಯನ್ನೇ ರದ್ದು ಮಾಡಿತು. ಬಣ್ಣ ಕಾಣುವವರಿಗೆ ಕೊಟ್ಟರೆ ಅರ್ಥ ಇದೆ ಎಂದು ನಿಮ್ಮ ಗೆಳತಿ ತೋರಿಸಿದ ದೇಶದಲ್ಲೇ ಕಾಲೇಜು ಪ್ರವೇಶದಲ್ಲಿ ಅದು ಉಳಿದಿಲ್ಲ. ಮುಚ್ಚಿಡಲು ಬಾರದು ಎಂಬ ವಾದ ಅಲ್ಲಿ ಯಾರ ಕೈಯನ್ನೂ ಹಿಡಿಯಲಿಲ್ಲ.

ಅಲ್ಲಿ ಎಲ್ಲರ ಬಣ್ಣವೂ ಕಾಣುತ್ತಿತ್ತು ಅನ್ನುವುದೂ ಪೂರ್ತಿ ನಿಜ ಅಲ್ಲ. 1892ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೋಮರ್ ಪ್ಲೆಸ್ಸಿ ಎಂಬವರು ಬಿಳಿಯರ ರೈಲು ಡಬ್ಬಿ ಹತ್ತಿ ಕೂತರು. ಅವರ ಮೈಯಲ್ಲಿದ್ದ ಆಫ್ರಿಕಾದ ರಕ್ತ ಎಂಟರಲ್ಲಿ ಒಂದು ಪಾಲು. ನೋಡಿದರೆ ಬಿಳಿಯರೇ. ಸುಮ್ಮನೆ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾನೂನನ್ನು ಪ್ರಶ್ನಿಸಬೇಕೆಂದೇ ಹತ್ತಿದ್ದರಿಂದ ತಾನು ಯಾರೆಂದು ಒಪ್ಪಿಕೊಂಡರು, ಬಂಧನ ಆಯಿತು. ಕೋರ್ಟ್ 1896ರಲ್ಲಿ ಅವರ ವಿರುದ್ಧವೇ ತೀರ್ಪು ಕೊಟ್ಟಿತು.

ಇಂಥದೇ ರೈಲಿನ ಕಥೆ ನಮ್ಮದೂ ಒಂದಿದೆ, ಅದೂ ನಿಮ್ಮ ಬೆಳಗಾವಿಯಿಂದ ಹೋಗುವ ರೈಲು ಹಾದಿಯಲ್ಲೇ. ಮಿರಜ್ ದಾಟಿ ಪುಣೆ ಕಡೆ ಹೊರಟರೆ ಸಾತಾರಾ ಜಿಲ್ಲೆಯ ಮಸೂರ ಸ್ಟೇಷನ್ ಸಿಗುತ್ತದೆ. 1901ರಲ್ಲಿ ಬಾಲಕ ಅಂಬೇಡ್ಕರ್ ಮನೆಯ ಬೇರೆ ಮಕ್ಕಳ ಜೊತೆ ಅಲ್ಲಿ ಇಳಿದರು. ಅಪ್ಪನನ್ನು ನೋಡಲು ಕೋರೆಗಾಂವಕ್ಕೆ ಹೊರಟಿದ್ದ ಮಕ್ಕಳು. ಹೊಸ ಅಂಗಿ, ಜರಿ ಟೋಪಿ. ಸ್ಟೇಷನ್ ಮಾಸ್ತರರು ಬಟ್ಟೆ ನೋಡಿ ಬ್ರಾಹ್ಮಣರ ಮಕ್ಕಳು ಅಂದುಕೊಂಡು ಅಕ್ಕರೆಯಿಂದಲೇ ವಿಚಾರಿಸಿದರು. ಯಾರ ಮಕ್ಕಳು ಅಂತ ಕೇಳಿದಾಗ ಹುಡುಗ ಯೋಚಿಸದೆ “ಮಹಾರರು” ಅಂದುಬಿಟ್ಟ. ಮಾಸ್ತರರ ಮುಖವೇ ಬದಲಾಯಿತು, ಹಿಂದೆ ಸರಿದು ತಮ್ಮ ಕೋಣೆಗೆ ಹೋದರು. ಆಮೇಲೆ ಯಾವ ಗಾಡಿಯವನೂ ಬರಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂದ. ಇದನ್ನು ಅಂಬೇಡ್ಕರ್ ಅವರೇ ಬರೆದಿಟ್ಟಿದ್ದಾರೆ.

ಮುಂದೆ 1917ರಲ್ಲಿ ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದು ಬರೋಡದಲ್ಲಿ ನೌಕರಿಗೆ ಸೇರಿದಾಗ ಉಳಿಯಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೇ ದಿನ ಹತ್ತು-ಹನ್ನೆರಡು ಜನ ಬಡಿಗೆ ಹಿಡಿದು ಬಂದು ಹೊರಗೆ ಹಾಕಿದರು. ನಿಮ್ಮ ಪಿಜಿ ಮತ್ತು ಆ ವಸತಿಗೃಹ ಒಂದೇ ಎಂದು ನಾನು ಹೇಳುತ್ತಿಲ್ಲ. ಇವತ್ತು ಬಡಿಗೆ ಹಿಡಿದು ಯಾರೂ ಬರಲಾರರು. ಆದರೆ ಮುಖ ನೋಡಿದರೆ ಗೊತ್ತಾಗುವುದಿಲ್ಲ ಎಂಬ ಕಾರಣಕ್ಕೆ ಜಾತಿಯ ಪೆಟ್ಟು ಬೀಳುವುದಿಲ್ಲ ಅನ್ನುವ ವಾದ 1901ರಲ್ಲೇ ಮಸೂರ ಸ್ಟೇಷನ್ನಿನಲ್ಲಿ ಸೋತಿದೆ. ಮಗು ಅದೇ, ಟೋಪಿ ಅದೇ. ಬಾಯಿಂದ ಒಂದು ಪದ ಬಂತು, ಅಷ್ಟೇ.

ನಮ್ಮ ಭಾಗದಲ್ಲಿ ಜಾತಿಯನ್ನು ಕಣ್ಣಿನಿಂದ ನೋಡುವುದಿಲ್ಲ, ಕಿವಿಯಿಂದ ನೋಡುತ್ತಾರೆ. ಬಡಿಗೇರ, ಕಂಬಾರ, ಹೂಗಾರ, ಚಲವಾದಿ, ಮಾದರ. ಹಾಜರಿ ಕೂಗಿದರೆ ಸಾಕು. ನನ್ನ ಅಡ್ಡಹೆಸರು ಏನು ಗೊತ್ತಾ? ಹರಿಜನ. ಅಪ್ಪ ಇಟ್ಟದ್ದಲ್ಲ, ಶಾಲೆಗೆ ಸೇರಿಸಿಕೊಂಡ ಮಾಸ್ತರರು ಬರೆದದ್ದು. ಕಾಲೇಜಿನಲ್ಲಿ ನನಗೆ ಮುಚ್ಚಿಡಬೇಕೋ ಬೇಡವೋ ಎಂಬ ಚಿಂತೆಯೇ ಇರಲಿಲ್ಲ. ಮೊದಲ ದಿನ, ಮೊದಲ ಪಿರಿಯಡ್‌ನಲ್ಲೇ ಕೆಲಸ ಮುಗಿಯುತ್ತಿತ್ತು. ಒಂದು ರೀತಿಯಲ್ಲಿ ನಿಮಗಿಂತ ನಾನು ಆರಾಮಾಗಿದ್ದೆ ಅಂತ ಈಗ ಅನ್ನಿಸುತ್ತದೆ. ಯಾರು ಮಾತಾಡಿಸುತ್ತಾರೋ ಅವರು ಗೊತ್ತಿದ್ದೇ ಮಾತಾಡಿಸುತ್ತಿದ್ದರು.

ಅಡ್ಡಹೆಸರು ಊರಿನದಾದರೆ ಎರಡನೇ ಪ್ರಶ್ನೆ ಬರುತ್ತದೆ: “ನೀವ್ ಯಾರ ಪೈಕಿ?” ಅಲ್ಲಿ ಜಾರಿಕೊಂಡರೆ “ಮನಿದೇವರು ಯಾವುದು?” ಅದೂ ಆದರೆ “ಊರಾಗ ಯಾವ ಓಣಿ?” ಈ ಕೊನೇ ಪ್ರಶ್ನೆಗೆ ನವನಗರದವರಿಗೆ ಮಾತ್ರ ಒಂದು ಅನುಕೂಲ ಇದೆ. ಸೆಕ್ಟರ್ ನಂಬರ್ ಹೇಳಿ ಸುಮ್ಮನಾಗಬಹುದು. ಹಿನ್ನೀರು ಊರಿನ ಜೊತೆ ಕೇರಿಯ ಹೆಸರನ್ನೂ ಮುಳುಗಿಸಿತು. ನಿಮ್ಮ ಅಪ್ಪ ಅಡ್ಡಹೆಸರು ಬದಲಿಸಿದ್ದು ಇದೇ ಲೆಕ್ಕದಲ್ಲಿ. ಅವರನ್ನು ತಪ್ಪು ತಿಳಿಯಬೇಡಿ.

ಹೆಸರು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಬರೇ ನನ್ನ ಅನುಭವ ಬೇಡ. ಸುಖದೇವ್ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ಇಬ್ಬರು ಸಂಶೋಧಕರು ಪತ್ರಿಕೆಯ ಉದ್ಯೋಗ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ದಲಿತ ಅಡ್ಡಹೆಸರಿನ ಅರ್ಜಿಗಳಿಗೆ ಸಂದರ್ಶನದ ಕರೆ ಸ್ಪಷ್ಟವಾಗಿ ಕಡಿಮೆ ಬಂದಿತ್ತು. ಅರ್ಜಿಯ ಮೇಲೆ ಫೋಟೊದ ಹಂಗೇ ಇರಲಿಲ್ಲ. ಇನ್ನು ಅಮೆರಿಕದವರ ಕಣ್ಣಿಗೆ ನಾವೆಲ್ಲ ಒಂದೇ ಬಣ್ಣ ಅಲ್ವಾ? ಆದರೂ 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಯಿತು. ಅಮೆರಿಕನ್ನರಿಗೆ ಕಾಣದ್ದು ಅಲ್ಲಿ ಹೋಗಿ ನೆಲೆಸಿದ ನಮ್ಮವರಿಗೆ ಕಾಣುತ್ತಿತ್ತು.

ಈಗ ನಿಮ್ಮ ಮಾತು: “ಈವರೆಗೆ ಯಾರೂ ಅವಮಾನ ಮಾಡಿಲ್ಲ.” ಯಾರಿಗೂ ಗೊತ್ತಿಲ್ಲ ಅನ್ನುವುದು ಬೇರೆ, ಗೊತ್ತಾದರೂ ಏನೂ ಆಗುವುದಿಲ್ಲ ಅನ್ನುವುದು ಬೇರೆ. ನೀವು ಎರಡನೆಯದನ್ನು ಪರೀಕ್ಷೆ ಮಾಡಿಯೇ ಇಲ್ಲ. ಪರೀಕ್ಷೆ ಮಾಡಲು ಧೈರ್ಯ ಬಂದಿಲ್ಲ ಅನ್ನುವುದೇ ಉತ್ತರದ ಅರ್ಧ. ಸಣ್ಣವ್ವನ ಫೋನಿಗೆ ಟೆರೇಸು, ಅಮ್ಮನಿಗೆ ‘ಬೇಡ’. ಇದಕ್ಕೆಲ್ಲ ನೀವು ಖರ್ಚು ಹಾಕಿಲ್ಲ, ಯಾಕೆಂದರೆ ಯಾರೂ ಬಿಲ್ಲು ಕೊಟ್ಟಿಲ್ಲ.

ಅದಿರಲಿ. ಕಾನೂನಿನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ಬುಡದಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ಮೀಸಲಾತಿ ಅವಮಾನಕ್ಕೆ ಕೊಡುವ ಪರಿಹಾರ ಧನ ಅಲ್ಲ. ಅವಮಾನಕ್ಕೆ ಬೇರೆ ಕಾನೂನುಗಳಿವೆ: 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ. ಮೀಸಲಾತಿ ಇರುವುದು ಪಾಲಿ‌ಗಾಗಿ. ನಿಪ್ಪಾಣಿಯಾಚೆ ಇರುವ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1902ರ ಜುಲೈ 26ರಂದು ಸಂಸ್ಥಾನದ ನೌಕರಿಯಲ್ಲಿ ಶೇ 50 ಹಿಂದುಳಿದವರಿಗೆ ಎಂದು ಆದೇಶ ಮಾಡಿದಾಗ, ಯಾರಿಗೆ ಎಷ್ಟು ಅವಮಾನ ಆಗಿದೆ ಎಂದು ಕೇಳಲಿಲ್ಲ. ಕಚೇರಿಯ ಕುರ್ಚಿಗಳಲ್ಲಿ ಯಾರು ಕೂತಿದ್ದಾರೆ, ಯಾರು ಇಲ್ಲ ಎಂದು ನೋಡಿದರು. ಸಂವಿಧಾನದ 16(4)ನೇ ವಿಧಿ ಹೇಳುವುದೂ ಸಾಕಷ್ಟು ಪ್ರಾತಿನಿಧ್ಯದ ಮಾತನ್ನೇ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪಟ್ಟಿಯಲ್ಲಿ ಇರುವುದು ಜಾತಿಗಳ ಹೆಸರು. ಆ ಜಾತಿಯಲ್ಲಿ ಹುಟ್ಟಿದ್ದೀರಾ ಎಂಬುದೇ ಮುಖ್ಯ ಪ್ರಶ್ನೆ. ನೀವು ಹುಟ್ಟಿದ್ದೀರಿ. ಮೋಸ ಎಲ್ಲಿಂದ ಬಂತು?

ಕಾಣದಿರುವುದಕ್ಕೆ ಕಾನೂನು ಕೊಡುವ ಬೇರೆ ಸವಲತ್ತೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. ಅವುಗಳಲ್ಲಿ ಹಲವು ಹೊರಗೆ ಕಾಣುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ಇಟ್ಟಿರುವ ಶೇ 4ರಲ್ಲಿ ಶೇ 1 ಕಿವಿ ಕೇಳದವರಿಗೆ. ಜಡೆಯ ಕೆಳಗೆ ಕಿವಿಯ ಮೆಷಿನ್ ಮುಚ್ಚಿಕೊಂಡ ಹುಡುಗಿಗೆ ‘ನಿನ್ನ ತೊಂದರೆ ಕಾಣುವುದಿಲ್ಲ, ನಿನಗ್ಯಾಕೆ’ ಎಂದು ನಿಮ್ಮ ಗೆಳತಿ ಹೇಳಲಾರಳು.

ಗೆಳತಿಯ ಮಾತಿನಲ್ಲಿ ಹುರುಳು ಇಲ್ಲವೇ ಇಲ್ಲ ಅಂತಲ್ಲ. ಎರಡು ಕಡೆ ಇದೆ. ಒಂದು, ಜಾತಿ ಮುಖದ ಮೇಲೆ ಇಲ್ಲದ್ದರಿಂದ ಕಾಗದವೇ ಸಾಕ್ಷಿ, ಕಾಗದ ಆದ್ದರಿಂದ ಸುಳ್ಳು ಪ್ರಮಾಣ ಪತ್ರ ಮಾಡಿಸುವವರಿದ್ದಾರೆ. ಇಂಥ ಪ್ರಕರಣಗಳನ್ನು ಎರಡೂ ಕಡೆಯಿಂದ ನಡೆಸಿದ್ದೇನೆ, ಹೆಮ್ಮೆಯಿಂದ ಹೇಳುತ್ತಿಲ್ಲ. ಮೋಸ ಅಂದರೆ ಅದು. ಎರಡು, ಅದೇ ಮನೆಯವರಿಗೇ ಎಷ್ಟು ತಲೆಮಾರು ಕೊಡಬೇಕು ಅನ್ನುವುದು. ಹಿಂದುಳಿದ ವರ್ಗಗಳಿಗೆ 1992ರ ಇಂದ್ರಾ ಸಾಹ್ನಿ ತೀರ್ಪಿನಿಂದ ಕೆನೆಪದರದ ನಿಯಮ ಬಂತು, ಅಂದರೆ ಮುಂದೆ ಬಂದ ಕುಟುಂಬಗಳನ್ನು ಮೀಸಲಾತಿಯಿಂದ ಹೊರಗಿಡುವುದು. ಪರಿಶಿಷ್ಟ ಜಾತಿಗೆ ಅದು ಇಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಕೊಟ್ಟ ತೀರ್ಪಿನಲ್ಲಿ ನಾಲ್ವರು ಎಸ್‌ಸಿಗೂ ಕೆನೆಪದರ ಗುರುತಿಸಬೇಕು ಎಂದು ಅಭಿಪ್ರಾಯ ಬರೆದರು. ಕೇಂದ್ರ ಸರ್ಕಾರ ಆಗಲೇ ಬೇಡ ಅಂದಿತು. ಚರ್ಚೆ ಇನ್ನೂ ನಡೆಯುತ್ತದೆ, ನಡೆಯಲಿ. ನನ್ನ ಮಗ ಜಿಎಂನಲ್ಲಿ ಅರ್ಜಿ ಹಾಕಿದ. ಅದು ಅವನ ತೀರ್ಮಾನ, ನಾನು ಬೇಡ ಅನ್ನಲಿಲ್ಲ, ಬೆನ್ನೂ ತಟ್ಟಲಿಲ್ಲ. ಅವನು ವಕೀಲನ ಮಗ. ನೀವು ಮೆಕ್ಯಾನಿಕ್‌ನ ಮಗಳು, ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮೊದಲಿಗರು ಇರಬಹುದು. ರೂಮಿನ ಒಂದು ಸಂಜೆಯ ವಾದಕ್ಕೆ ಸೋತು ಹಕ್ಕು ಬಿಡುವ ಜಾಗದಲ್ಲಿ ನೀವಿಲ್ಲ.

ಇನ್ನು ಅರ್ಜಿ. ಜಿಎಂ ಎಂದರೆ ಮೇಲ್ಜಾತಿಯವರ ಕೋಟಾ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದು ಎಲ್ಲರಿಗೂ ತೆರೆದದ್ದು. ಎಸ್‌ಸಿ ಎಂದು ಅರ್ಜಿ ಹಾಕಿದವರು ಯಾವ ರಿಯಾಯಿತಿಯನ್ನೂ ಬಳಸದೆ ಜಿಎಂ ಕಟ್ ಆಫ್ ದಾಟಿದರೆ ಅವರನ್ನು ಜಿಎಂ ಹುದ್ದೆಗೇ ಲೆಕ್ಕ ಹಾಕಬೇಕು, ಎಸ್‌ಸಿ ಹುದ್ದೆ ಇನ್ನೊಬ್ಬರಿಗೆ ಉಳಿಯುತ್ತದೆ. ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. ರಿಯಾಯಿತಿ ಪಡೆದಿದ್ದರೆ ಆ ನೇಮಕಾತಿಯ ನಿಯಮ ನೋಡಬೇಕಾಗುತ್ತದೆ. ನಿಮ್ಮ ವಯಸ್ಸಿಗೆ ವಯೋಮಿತಿ ಸಡಿಲಿಕೆ ಬೇಕಿಲ್ಲ, ಹಾಗಾಗಿ ಆ ತಕರಾರು ನಿಮಗೆ ಬರುವುದು ಕಡಿಮೆ. ಒಟ್ಟಿನಲ್ಲಿ ಎಸ್‌ಸಿ ಎಂದು ಬರೆದರೆ ನಿಮಗೆ ಎರಡೂ ಬಾಗಿಲು ತೆರೆದಿರುತ್ತವೆ. ಜಿಎಂ ಎಂದು ಬರೆದರೆ ಒಂದೇ. ಆಮೇಲೆ ಅಂಕ ಕಡಿಮೆ ಬಂತು ಎಂದು ಬದಲಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಈ ಒಂದು ತಪ್ಪಿಗೆ ಬೆಳಗಾವಿಯ ಕೆಎಟಿ (ರಾಜ್ಯ ಆಡಳಿತ ನ್ಯಾಯಮಂಡಳಿ) ಪೀಠದ ಮೆಟ್ಟಿಲು ಹತ್ತಿದವರ ಫೈಲು ನನ್ನ ಕಪಾಟಿನಲ್ಲಿವೆ. ಹೆಚ್ಚಿನವರಿಗೆ ಏನೂ ಸಿಕ್ಕಿಲ್ಲ.

ಗೊತ್ತಾಗುತ್ತದಾ ಅಂದರೆ, ಗೊತ್ತಾಗುತ್ತದೆ. ಸುಳ್ಳು ಸಮಾಧಾನ ಹೇಳುವುದಿಲ್ಲ. ರಾಜ್ಯ ಸರ್ಕಾರದ ಆಯ್ಕೆ ಪಟ್ಟಿಗಳಲ್ಲಿ ಹೆಸರಿನ ಪಕ್ಕದಲ್ಲಿ ಪ್ರವರ್ಗ ಇರುವುದು ವಾಡಿಕೆ. ಆ ಪಿಡಿಎಫ್ ಕೋಚಿಂಗ್ ವಾಟ್ಸ್‌ಆ್ಯಪ್ ಗ್ರೂಪಿಗೆ ಬರಲು ಹತ್ತು ನಿಮಿಷ ಸಾಕು. ಬ್ಯಾಂಕ್ ಪರೀಕ್ಷೆಗಳಲ್ಲಿ ಫಲಿತಾಂಶ ನಿಮ್ಮ ಲಾಗಿನ್‌ನಲ್ಲಿ ಸಿಗುವುದರಿಂದ ಸ್ವಲ್ಪ ಮರೆ ಇದೆ. ಆದರೆ ನೌಕರಿಗೆ ಸೇರಿದ ಮೇಲೆ ಸೇವಾ ಪುಸ್ತಕ ಇದೆ, ರೋಸ್ಟರ್ ಇದೆ, ಬಡ್ತಿ ಪಟ್ಟಿ ಇದೆ. ಇವನ್ನೆಲ್ಲ ನೋಡುವ ಗುಮಾಸ್ತರಿಗೆ ನಾಲಿಗೆಯೂ ಇದೆ. ಜಿಎಂನಲ್ಲಿ ಸೇರಿದವರ ಜಾತಿಯೂ ಆಫೀಸಿನಲ್ಲಿ ಬಹಳ ದಿನ ಗುಟ್ಟಾಗಿ ಉಳಿದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಗುಟ್ಟು ಉಳಿಸಲು ಜಿಎಂ ಆರಿಸುತ್ತೀರಾದರೆ, ಹಣ ಕೊಟ್ಟರೂ ಸಾಮಾನು ಸಿಗದ ವ್ಯಾಪಾರ ಅದು. ಸ್ಪರ್ಧೆಯಲ್ಲಿ ಗೆಲ್ಲುತ್ತೇನೆ ಎಂಬ ಹುರುಪಿನಿಂದ ಆರಿಸಿದರೆ ಬೇರೆ ಮಾತು. ಆದರೆ ಆ ಹುರುಪಿಗೂ ಎಸ್‌ಸಿ ಅರ್ಜಿ ಅಡ್ಡ ಬರುವುದಿಲ್ಲ, ಮೇಲೆ ಹೇಳಿದೆನಲ್ಲ.

ಅಡ್ಡಹೆಸರಿನದು ನೀವು ಹೆದರಿದಷ್ಟು ದೊಡ್ಡ ತೊಂದರೆ ಅಲ್ಲ. ಅಡ್ಡಹೆಸರು ಜಾತಿಗೆ ಸಾಕ್ಷಿಯೇ ಅಲ್ಲ. ತಳವಾರ ಎಂಬ ಹೆಸರನ್ನೇ ನೋಡಿ. ಊರ ಕಾವಲಿನ ಕೆಲಸದಿಂದ ಬಂದ ಹೆಸರು, ಬೇರೆ ಬೇರೆ ಸಮುದಾಯಗಳಲ್ಲಿದೆ. 2020ರಲ್ಲಿ ಪರಿವಾರ, ತಳವಾರ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಯಾವ ತಳವಾರರಿಗೆ ಪತ್ರ ಕೊಡಬೇಕು ಎಂಬ ಜಗಳ ಬೀದಿಗೆ ಬಂತು. ನಿಮ್ಮ ವಿಷಯದಲ್ಲಿ ಬೇಕಾಗಿರುವುದು ಕೊಂಡಿ: ಅಜ್ಜ ಮಾದರ, ಅವರ ಮಗ ನಿಮ್ಮಪ್ಪ, ಅವರ ಮಗಳು ನೀವು. ವಂಶವೃಕ್ಷ, ಅಪ್ಪನ ಶಾಲಾ ದಾಖಲೆ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಇದ್ದರೆ ಕೊಂಡಿ ಕೂಡುತ್ತದೆ. ಊರೇ ಮುಳುಗಿದೆ, ಸ್ಥಳ ವಿಚಾರಣೆಗೆ ಸಾಕ್ಷಿ ಎಲ್ಲಿ ತರೋಣ ಎಂದು ನಿಮ್ಮ ಕಡೆಯ ಜನ ಕೈಚೆಲ್ಲುತ್ತಾರೆ. ಮುಳುಗಡೆ ಪರಿಹಾರದ ಕಾಗದ, ಪುನರ್ವಸತಿ ನಿವೇಶನದ ಹಕ್ಕುಪತ್ರ ಮನೆಯಲ್ಲಿ ಇರುತ್ತದಲ್ಲ? ಅದರಲ್ಲಿ ಅಜ್ಜನ ಹೆಸರು ಹಳೇ ಅಡ್ಡಹೆಸರಿನ ಜೊತೆಗೇ ಇರುತ್ತದೆ. ನಾನು ಮೊದಲು ಕೇಳುವುದೇ ಅದನ್ನು.

ನಿಜವಾದ ತೊಂದರೆ ನೀವು ಕೇಳದೇ ಇರುವ ಕಡೆ ಇದೆ. ನಿಮ್ಮ ಶಾಲಾ ದಾಖಲೆಯಲ್ಲಿ ‘ಹಿಂದೂ ಹರಿಜನ’ ಅಂತಿದೆ. ಹರಿಜನ ಎಂಬ ಜಾತಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲೇ ಇಲ್ಲ. ನನ್ನ ಅಡ್ಡಹೆಸರಿಗೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆ ಇಲ್ಲ ಎಂದು ಗೊತ್ತಾದದ್ದು ವಕೀಲನಾದ ಮೇಲೆ. ಮೊದಲು ‘ಎಸ್‌ಸಿ’ ಎಂದರೆ ಸಾಗುತ್ತಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಯ ಶೇ 17ನ್ನು ಮೂರು ಗುಂಪುಗಳಿಗೆ 6, 6, 5 ಎಂದು ಒಳಗೆ ಹಂಚಲು ತೀರ್ಮಾನಿಸಿತು. ಒಳಮೀಸಲಾತಿ ಎಂದರೆ ಯಾವ ಜಾತಿ ಎಂದು ಹೆಸರಿಟ್ಟು ಹೇಳಬೇಕು. ಎಸ್‌ಸಿ ಎಂಬ ಎರಡು ಅಕ್ಷರದ ಹಿಂದೆ ಇದ್ದ ಮರೆಯೂ ಹೋಯಿತು. ಪಟ್ಟಿಯಲ್ಲಿ ‘ಮಾದಿಗ’ ಒಂದು ಕಡೆ ಇದೆ. ‘ಮಾದರ’, ‘ಮಾದಿಗ್’ ಎಂಬವು ಭಂಬಿ, ಸಮಗಾರ ಮುಂತಾದ ಹೆಸರುಗಳ ಜೊತೆ ಇನ್ನೊಂದು ಸಾಲಿನಲ್ಲಿವೆ. ಪಟ್ಟಿಯನ್ನು ಇದ್ದ ಹಾಗೇ ಓದಬೇಕು, ಸೇರಿಸಿ ಕಳೆದು ಅರ್ಥ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದ ಮಿಲಿಂದ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಅಂದಾಜಿನಲ್ಲಿ ಬರೆಸಬೇಡಿ. ಅಪ್ಪನ, ಸಿಕ್ಕರೆ ಅಜ್ಜನ ಶಾಲೆಯ ದಾಖಲಾತಿ ರಿಜಿಸ್ಟರಿನ ನಕಲು ತೆಗೆಸಿ. ಅಲ್ಲಿ ಯಾವ ಪದ ಇದೆಯೋ ಅದೇ ನಿಮ್ಮ ಅರ್ಜಿಗೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ತಹಶೀಲ್ದಾರರು ನಮೂನೆ ‘ಡಿ’ಯಲ್ಲಿ ಪತ್ರ ಕೊಡುತ್ತಾರೆ. ಬ್ಯಾಂಕ್ ಪರೀಕ್ಷೆಗೆ ಕೇಂದ್ರ ಸರ್ಕಾರದ ನಮೂನೆ ಬೇರೆ ಇದೆ, ಅದನ್ನೂ ಕೇಳಿ. ಕೊಡಲು ನಿರಾಕರಿಸಿದರೆ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಆಯ್ಕೆಯಾದ ಮೇಲೆ ಜಿಲ್ಲಾ ಸಮಿತಿಯ ಮುಂದೆ ಸಿಂಧುತ್ವ ಪ್ರಮಾಣ ಪತ್ರ (ಜಾತಿ ಪತ್ರ ಸರಿಯಾಗಿದೆ ಎಂಬ ದೃಢೀಕರಣ) ಆಗಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಕಾಗದ ಈಗಲೇ ಕೂಡಿಸಿಡಿ.

ಗಡಿಯ ಓದುಗರಿಗೆ ಒಂದು ಮಾತು. ಎಸ್‌ಸಿ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಅಪ್ಪನ ಮೂಲ ಜತ್ತ ಅಥವಾ ಸೋಲಾಪುರ ಕಡೆಯದಾದರೆ, ಇಲ್ಲಿ ಎಷ್ಟು ವರ್ಷ ಇದ್ದರೂ ಕರ್ನಾಟಕದ ಮೀಸಲಾತಿ ಸಿಗುವುದು ಕಷ್ಟ. ಮದುವೆಯಿಂದ ಜಾತಿ ಬರುವುದೂ ಇಲ್ಲ.

ರೂಮಿನವರಿಗೆ ಹೇಳಬೇಕಾ ಎಂದು ನೀವು ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ಹೇಳಲೇಬೇಕು ಎಂದು ಕಾನೂನಿಲ್ಲ. ಹೇಳದಿದ್ದರೆ ಸುಳ್ಳು ಹೇಳಿದಂತೆಯೂ ಅಲ್ಲ. ಹೇಳಿದರೆ ಏನಾಗುತ್ತದೆ? ನಾನು ಕಂಡ ಹಾಗೆ, ಒಬ್ಬರಿಬ್ಬರು ಮೊದಲಿಗಿಂತ ಹತ್ತಿರ ಆಗುತ್ತಾರೆ. ಒಬ್ಬರು ಮಾತು ಕಡಿಮೆ ಮಾಡುತ್ತಾರೆ, ಕಾರಣ ಹೇಳುವುದಿಲ್ಲ. ನಾಲ್ಕು ಜನರ ಮುಂದೆ ಜಾತಿ ಹಿಡಿದು ಬೈದರೆ ಅಪರಾಧ, ದೂರು ಕೊಡಬಹುದು. ಆದರೆ ರೊಟ್ಟಿ ಹಂಚಿಕೊಳ್ಳುವುದು ನಿಂತರೆ ಯಾವ ಸ್ಟೇಷನ್ನಿನಲ್ಲೂ ಬರೆದುಕೊಳ್ಳುವುದಿಲ್ಲ. ಪರೀಕ್ಷೆಗೆ ಮೂರು ತಿಂಗಳು ಇರುವಾಗ ರೂಮಿನ ನೆಮ್ಮದಿ ಕಳೆದುಕೊಳ್ಳಲು ಇಷ್ಟವಿಲ್ಲ ಅಂದರೆ ನಾನು ತಪ್ಪು ಅನ್ನಲಾರೆ. ಪಟ್ಟಿ ಬರುವ ಮೊದಲು ಒಬ್ಬಳಿಗಾದರೂ, ಆ ವಾದ ಮಾಡಿದವಳಿಗೇ ಆದರೆ ಇನ್ನೂ ಒಳ್ಳೇದು, ನೀವೇ ಹೇಳಿರುವುದು ಮೇಲು ಎಂದು ನನಗೆ ಅನ್ನಿಸುತ್ತದೆ. ಪಿಡಿಎಫ್ ನೋಡಿ ತಿಳಿಯುವುದಕ್ಕೂ ನಿಮ್ಮ ಬಾಯಿಂದ ಕೇಳುವುದಕ್ಕೂ ಅಂತರ ಇದೆ. ಆದರೆ ಅಲ್ಲಿ ಇರುವವರು ನೀವು, ನಾನಲ್ಲ.

ಅಮ್ಮನಿಗೆ ಮಾತ್ರ ಇವತ್ತೇ ಫೋನ್ ಮಾಡಿ. ಬರಲಿ. ಬರುವಾಗ ಟ್ರಂಕಿನಲ್ಲಿರುವ ಅಪ್ಪನ ಟಿಸಿ, ಅಜ್ಜನ ಹಕ್ಕುಪತ್ರ ಎರಡನ್ನೂ ಮೂಲ ಪ್ರತಿಯೇ ತರಲಿ. ಅಂಚೆಯಲ್ಲಿ ಕಳಿಸುವ ಕಾಗದ ಅಲ್ಲ ಅವು. ಮಡಿಚಿಡಬೇಡ, ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕು ಅಂತ ಹೇಳಿ.